ವಾಡಿಕೆ ಮಳೆ ಬಂದರೂ ರಾಗಿ ಒಣಗುವುದೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಹವಾಮಾನ ಬದಲಾವಣೆಯಿಂದ ಬೇಸಾಯಕ್ಕೂ ಊಟದ ತಟ್ಟೆಗೂ ಆಗುತ್ತಿರುವುದೇನು ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಪತ್ರಗಳನ್ನು ಸಂಕ್ಷೇಪಿಸಿದ್ದೇವೆ, ಬರೆದವರ ಹೆಸರಿನ ಬದಲು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಪತ್ರಿಕೆಯಲ್ಲಿ ಬರುವ ಲೆಕ್ಕ ನೋಡಿದರೆ ನಮ್ಮ ಹೋಬಳಿಗೆ ಹೆಚ್ಚುಕಡಿಮೆ ವಾಡಿಕೆಯಷ್ಟೇ ಮಳೆಯಾಗಿರುತ್ತದೆ. ಹೊಲಕ್ಕೆ ಹೋಗಿ ನೋಡಿದರೆ ರಾಗಿ ತೆನೆ ಕಟ್ಟಿರುವುದಿಲ್ಲ. ಲೆಕ್ಕ ತಪ್ಪೋ, ನಮ್ಮ ಬೇಸಾಯ ತಪ್ಪೋ? (ಕಡೂರು ತಾಲ್ಲೂಕಿನ ರೈತರೊಬ್ಬರು)

ಉತ್ತರ: ಲೆಕ್ಕವೂ ತಪ್ಪಲ್ಲ, ತಮ್ಮ ಬೇಸಾಯವೂ ತಪ್ಪಲ್ಲ. ಹಲವು ದಶಕಗಳ ಮಳೆಯ ಸರಾಸರಿಗೆ ವಾಡಿಕೆ ಮಳೆ ಎನ್ನುತ್ತಾರೆ. ಅದು ಇಡೀ ತಿಂಗಳಿನ ಅಥವಾ ಇಡೀ ಹಂಗಾಮಿನ ಮೊತ್ತ. ರಾಗಿಯ ಪೈರಾದರೋ ಮೊತ್ತವನ್ನು ಕುಡಿಯುವುದಿಲ್ಲ, ವಾರವಾರವೂ ಕುಡಿಯುತ್ತದೆ. ತಿಂಗಳಿಗೆ ಬರಬೇಕಾದ 100 ಮಿಲಿಮೀಟರ್ ಮಳೆ ಐದಾರು ಹದ ಮಳೆಗಳಾಗಿ ಬಂದರೂ ಪುಸ್ತಕದಲ್ಲಿ 100 ಎಂದೇ ದಾಖಲಾಗುತ್ತದೆ, ಒಂದೇ ರಾತ್ರಿ ಸುರಿದು ಉಳಿದ ದಿನಗಳೆಲ್ಲ ಬಿಸಿಲು ಕಾದರೂ 100 ಎಂದೇ ದಾಖಲಾಗುತ್ತದೆ. ಎರಡನೆಯದರಲ್ಲಿ ಹೆಚ್ಚಿನ ನೀರು ಬದು ಒಡೆದುಕೊಂಡು, ಜೊತೆಗೆ ಮೇಲ್ಮಣ್ಣನ್ನೂ ಹೊತ್ತು ಹಳ್ಳ ಸೇರುತ್ತದೆ. ತಮ್ಮ ಕಡೆಯ ಕೆಂಪು ಮಣ್ಣಂತೂ ಕಪ್ಪು ಎರೆಯಂತೆ ನೀರನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುವ ಮಣ್ಣಲ್ಲ.

ಇದಕ್ಕೆ 2023ಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಆ ವರ್ಷ ಕರ್ನಾಟಕದಲ್ಲಿ ಜೂನ್ ತಿಂಗಳು ಒಣಗಿಯೇ ಕಳೆಯಿತು. ಜುಲೈನಲ್ಲಿ ವಾಡಿಕೆಗಿಂತ ಹೆಚ್ಚೇ ಮಳೆ ಬಂದು, ಕಾದಿದ್ದ ರೈತರು ಬೀಜ ಗೊಬ್ಬರಕ್ಕೆ ಸಾಲ ಮಾಡಿ ಬಿತ್ತಿದರು. ಆಗಸ್ಟ್‌ನಲ್ಲಿ ಮೋಡ ಮಾಯವಾಯಿತು. ದೇಶದ ಮಟ್ಟದಲ್ಲಿ 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ದಾಖಲಾಗಿರಲಿಲ್ಲ. ಹೊಲ ನೋಡಲು ಬಂದವರಿಗೆ ಪೈರು ಹಸಿರಾಗಿಯೇ ಕಾಣುತ್ತಿತ್ತು, ಆದರೆ ತೆನೆಯಲ್ಲಿ ಕಾಳಿರಲಿಲ್ಲ. ಅದಕ್ಕೆ ‘ಹಸಿರು ಬರ’ ಎಂಬ ಹೆಸರು ಆಗ ಬಳಕೆಗೆ ಬಂತು. ಕೊನೆಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಬೇಕಾಯಿತು. ಮೂರು ತಿಂಗಳ ಮಳೆಯನ್ನು ಕೂಡಿಸಿ ಭಾಗಿಸಿದರೆ ಜುಲೈನ ಹೆಚ್ಚುವರಿ ಮಳೆ ಆಗಸ್ಟ್‌ನ ಕೊರತೆಯನ್ನು ಕಾಗದದ ಮೇಲೆ ಸ್ವಲ್ಪ ಮುಚ್ಚುತ್ತದೆ, ಹೊಲದಲ್ಲಿ ಮುಚ್ಚುವುದಿಲ್ಲ.

ಮಳೆ ಹೀಗೆ ಒಡೆದು ಹೋಗುವುದಕ್ಕೂ ಭೂಮಿ ಬಿಸಿಯಾಗುವುದಕ್ಕೂ ಸಂಬಂಧವಿದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ದೊಡ್ಡ ಪಾತ್ರೆ ತುಂಬುವುದಕ್ಕೆ ಹೆಚ್ಚು ಹೊತ್ತು ಬೇಕು, ಬಗ್ಗಿಸಿದಾಗ ಸುರಿಯುವುದೂ ಹೆಚ್ಚು. 1950ರಿಂದ 2015ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ವಿಜ್ಞಾನಿಗಳು ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿ ಭಾರಿ ಮಳೆಯ ಪ್ರಸಂಗಗಳು ಮೂರು ಪಟ್ಟು ಹೆಚ್ಚಿವೆ ಎಂದೂ ಅದಕ್ಕೆ ಅರಬ್ಬಿ ಸಮುದ್ರದ ಕಡೆಯಿಂದ ನುಗ್ಗುವ ತೇವಾಂಶ ಕಾರಣವೆಂದೂ ತೋರಿಸಿದ್ದಾರೆ. ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ದೇಶದ ಮುಂಗಾರಿನ ಒಟ್ಟು ಮಳೆ ಸುಮಾರು ಶೇ 6ರಷ್ಟು ಇಳಿದಿದೆ, ಇಳಿಕೆ ಹೆಚ್ಚಾಗಿ ಕಂಡದ್ದು ಗಂಗಾ ಬಯಲಿನಲ್ಲಿ ಮತ್ತು ನಮ್ಮ ಪಶ್ಚಿಮ ಘಟ್ಟಗಳಲ್ಲಿ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ.

ಹೊಲದಲ್ಲಿ ಏನು ಮಾಡಬಹುದು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4 ಸಾವಿರ ಲೀಟರ್ ನೀರು. ತೆನೆ ಬರುವ ಹೊತ್ತಿಗೆ ಮಳೆ ಕೈಕೊಟ್ಟಾಗ ಎಕರೆಗೆ 20 ಮಿಲಿಮೀಟರ್‌ನಷ್ಟು ನೀರು ಹಾಯಿಸಿದರೂ ಬೆಳೆ ಉಳಿಯಬಹುದು. ಅದಕ್ಕೆ 80 ಸಾವಿರ ಲೀಟರ್ ಸಾಕು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಮೂರು ಮೀಟರ್ ಆಳದ ಕೃಷಿ ಹೊಂಡದಲ್ಲಿ, ಬದಿಗಳ ಇಳಿಜಾರನ್ನೂ ಆವಿಯಾಗುವುದನ್ನೂ ಕಳೆದರೆ, ಒಂದೆರಡು ಎಕರೆಗೆ ಒಂದು ಸಲ ಇಂಥ ನೀರು ಕೊಡುವಷ್ಟು ಸಂಗ್ರಹ ನಿಲ್ಲುತ್ತದೆ. ಹೆಚ್ಚಿಲ್ಲ, ಆದರೆ ಆ ಒಂದು ಸಲವೇ ಮುಖ್ಯ. ಈ ಹೊಂಡಗಳು ಕೆಲವು ಕಡೆ ಕೊಳವೆಬಾವಿಯ ನೀರನ್ನು ತುಂಬಿಸಿ ಇಟ್ಟುಕೊಳ್ಳುವ ತೊಟ್ಟಿಗಳಾಗಿ ಬದಲಾಗಿವೆ ಎಂಬುದನ್ನು ಇಲ್ಲಿ ಹೇಳದಿರಲಾಗದು. ಓಡುವ ಮಳೆ ನೀರನ್ನು ತಡೆಯಲೆಂದು ತೋಡಿದ ಹೊಂಡಕ್ಕೆ ಪಾತಾಳದ ನೀರನ್ನು ಎತ್ತಿ ಸುರಿದು ಬಿಸಿಲಿಗೆ ಒಡ್ಡುವುದು ಸಲ್ಲದ ಕೆಲಸ.

ಪ್ರಶ್ನೆ: ನಮ್ಮ ತಂದೆಯವರು ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ನಕ್ಷತ್ರ ಎಣಿಸಿ ಬಿತ್ತುತ್ತಿದ್ದರು. ಈಗ ಯಾವ ಮಳೆಯೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಪಂಚಾಂಗವೇ ಹಳತಾಯಿತೇ? (ರಾಣೆಬೆನ್ನೂರಿನ ಹಿರಿಯ ಓದುಗರು)

ಉತ್ತರ: ಇದು ತೋರುವುದಕ್ಕಿಂತ ಆಳವಾದ ಪ್ರಶ್ನೆ. ಮಳೆ ನಕ್ಷತ್ರವೆಂದರೆ ಸೂರ್ಯನು ಆ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಅವಧಿ. ರೋಹಿಣಿ ಮೇ 25ರ ಸುಮಾರಿಗೆ ಕೂಡಿದರೆ ಆರಿದ್ರಾ ಕೂಡುವುದು ಜೂನ್ 22ರ ಸುಮಾರಿಗೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಈ ನಕ್ಷತ್ರಗಳ ಗಣನೆ ಋತುಮಾನದಿಂದ ಜಾರುತ್ತಿರುತ್ತದೆ ಎಂಬುದು ನಿಜ. ಆದರೆ ಆ ಜಾರುವಿಕೆ ಸುಮಾರು ಎಪ್ಪತ್ತು ವರ್ಷಕ್ಕೆ ಒಂದು ದಿನ ಮಾತ್ರ. ಒಂದು ಇಡೀ ನಕ್ಷತ್ರದಷ್ಟು ಸರಿಯಲು ಒಂಬೈನೂರು ಚಿಲ್ಲರೆ ವರ್ಷ ಬೇಕು. ಆದ್ದರಿಂದ ತಮ್ಮ ತಂದೆಯವರ ರೋಹಿಣಿಗೂ ತಮ್ಮ ರೋಹಿಣಿಗೂ ಒಂದು ದಿನದ ಅಂತರವೂ ಇರಲಾರದು. ತಾವು ಕಣ್ಣಾರೆ ಕಂಡ ಬದಲಾವಣೆ ಪಂಚಾಂಗದ್ದಲ್ಲ, ಮಳೆಯದೇ.

ಹಾಗೆಂದು ಗಾದೆಗಳನ್ನು ಎಸೆಯಬೇಕಾಗಿಲ್ಲ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’, ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬ ಮಾತುಗಳನ್ನು ಗಮನವಿಟ್ಟು ಕೇಳಿದರೆ, ಆ ಮಳೆ ಬಂದೇ ಬರುತ್ತದೆ ಎಂದು ಅವು ಹೇಳುವುದಿಲ್ಲ, ‘ಬಂದರೆ’ ಎನ್ನುತ್ತವೆ. ಮೇ ತಿಂಗಳಲ್ಲಿ ನೆಲ ನೆನೆದರೆ ಉಳುಮೆಗೆ ಹದ ಸಿಗುತ್ತದೆ, ಕಳೆ ಮೊದಲೇ ಮೊಳೆತು ಸಾಯುತ್ತದೆ, ಬಿತ್ತನೆ ಹೊತ್ತಿಗೆ ಸರಿಯಾಗಿ ನಡೆಯುತ್ತದೆ ಎಂಬ ಅನುಭವವನ್ನು ಅವು ಅಡಕವಾಗಿಟ್ಟಿವೆ. ಯಾವ ಮಳೆ ಯಾವ ಬೆಳೆಗೆ ಬೇಕು ಎಂಬುದನ್ನು ಗಾದೆಯಿಂದ ತಿಳಿಯಬಹುದು. ಈ ವರ್ಷ ಅದು ಬರುತ್ತದೆಯೇ ಎಂಬುದನ್ನು ಹವಾಮಾನ ಮುನ್ಸೂಚನೆಯಿಂದಲೇ ತಿಳಿಯಬೇಕು. ಹವಾಮಾನ ಇಲಾಖೆ ಮತ್ತು ಕೃಷಿ ವಿಶ್ವವಿದ್ಯಾಲಯಗಳು ಸೇರಿ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಜಿಲ್ಲಾವಾರು ಕೃಷಿ ಸಲಹೆ ಹೊರಡಿಸುತ್ತವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಅದರ ‘ವರುಣ ಮಿತ್ರ’ ಸಹಾಯವಾಣಿಗೆ ಕರೆ ಮಾಡಿ ಕೇಳಬಹುದು. ಮುನ್ಸೂಚನೆಯೂ ತಪ್ಪುವುದುಂಟು, ಆದರೂ ಬಿತ್ತುವ ಮುನ್ನ, ಗೊಬ್ಬರ ಹಾಕುವ ಮುನ್ನ, ಔಷಧಿ ಹೊಡೆಯುವ ಮುನ್ನ ಮೂರು ನಾಲ್ಕು ದಿನಗಳ ಸೂಚನೆಯನ್ನು ನೋಡುವುದರಿಂದ ಉಳಿಯುವ ಖರ್ಚು ಸಣ್ಣದಲ್ಲ.

ಪ್ರಶ್ನೆ: ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ಹೊಳವೇ (ಮಳೆಯ ನಡುವಿನ ಬಿಡುವು) ಸಿಗುತ್ತಿಲ್ಲ. ಕೊಳೆರೋಗ, ಎಲೆಚುಕ್ಕೆ ರೋಗ ಎರಡೂ ಹೆಚ್ಚಾಗಿವೆ. ಇದೂ ಹವಾಮಾನ ಬದಲಾವಣೆಯೇ? (ತೀರ್ಥಹಳ್ಳಿ)

ಉತ್ತರ: ಅರ್ಧ ಹೌದು. ಕೊಳೆರೋಗದ ಜೀವಿ ಫೈಟಾಫ್ಥೊರಾಕ್ಕೆ ಬೇಕಾದದ್ದು ತಂಪು, ಎಡೆಬಿಡದ ತೇವ ಮತ್ತು ಮಧ್ಯೆ ಒಂದಿಷ್ಟು ಬಿಸಿಲು. ಮಳೆಗಾಲಕ್ಕೆ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಶೇ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಮತ್ತು ಒಂದು ಕಿಲೋ ಸುಣ್ಣ, ಗೊನೆಗೆ ಬೀಳಬೇಕೆಂಬುದು ಹಳೆಯ ಪದ್ಧತಿ. ಮುಂಗಾರು ಪೂರ್ವದ ಮಳೆಯೇ ಮೇ ತಿಂಗಳಿಡೀ ಸುರಿದರೆ ಮೊದಲ ಸಿಂಪರಣೆ ತಪ್ಪುತ್ತದೆ. ಜುಲೈ ಆಗಸ್ಟ್‌ನಲ್ಲಿ ಹೊಳವಾಗದಿದ್ದರೆ ಎರಡನೆಯದೂ ತಪ್ಪುತ್ತದೆ. ಮರ ಹತ್ತಬಲ್ಲ ಕೊನೆಗೌಡರು ಸಿಗುವುದೇ ಕಷ್ಟವಾಗಿರುವ ಈ ದಿನಗಳಲ್ಲಿ, ಸಿಕ್ಕ ಎರಡು ದಿನದ ಹೊಳವಿಗೆ ಊರಿನ ಎಲ್ಲ ತೋಟದವರೂ ಒಬ್ಬನನ್ನೇ ಕಾಯುತ್ತಾರೆ. ನೆಲದಲ್ಲೇ ನಿಂತು ಗೊನೆಗೆ ಸಿಂಪಡಿಸುವ ಉದ್ದ ಕೋಲಾದ ದೋಟಿಯ ಬಳಕೆ ಹಬ್ಬುತ್ತಿರುವುದಕ್ಕೆ ಇದೂ ಒಂದು ಕಾರಣ.

ಇನ್ನರ್ಧ ನಾವೇ ಮಾಡಿಕೊಂಡದ್ದು. ಗದ್ದೆಗಳನ್ನು ತುಂಬಿಸಿ ಅಡಿಕೆ ಹಾಕಿದ್ದೇವೆ, ಬಸಿಗಾಲುವೆ ಮುಚ್ಚಿದ್ದೇವೆ, ಸಸಿಗಳನ್ನು ಒತ್ತಾಗಿ ನೆಟ್ಟಿದ್ದೇವೆ. ಗಾಳಿಯಾಡದ ತೋಟದಲ್ಲಿ ತೇವ ನಿಂತರೆ ರೋಗಕ್ಕೆ ಬೇರೆ ನೆವ ಬೇಡ. ಎಲ್ಲವನ್ನೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟಿದರೆ ನಮ್ಮ ಕೈಯಲ್ಲಿರುವ ಬಸಿಗಾಲುವೆಯನ್ನು ಯಾರೂ ತೆಗೆಯುವುದಿಲ್ಲ.

ಪ್ರಶ್ನೆ: ತೊಗರಿ ಹೂ ಬಿಡುವ ಹೊತ್ತಿಗೆ ನೆಟೆ (ಗಿಡ ಬಾಡಿ ಒಣಗುವ ರೋಗ) ಹೋಗುತ್ತಿದೆ. ಒಂದು ವರ್ಷ ಮಳೆ ಹೆಚ್ಚಾಯಿತು ಎನ್ನುತ್ತಾರೆ, ಇನ್ನೊಂದು ವರ್ಷ ಮಳೆ ಇಲ್ಲ ಎನ್ನುತ್ತಾರೆ. ಯಾವುದು ನಿಜ? (ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ)

ಉತ್ತರ: ಎರಡೂ ನಿಜವಾಗಿರಬಹುದು, ಒಂದೇ ವರ್ಷದಲ್ಲಿಯೂ ನಿಜವಾಗಿರಬಹುದು. ತೊಗರಿ ಐದಾರು ತಿಂಗಳು ಹೊಲದಲ್ಲಿರುವ ಬೆಳೆ. ಜೂನ್ ಜುಲೈನಲ್ಲಿ ಬಿತ್ತಿದ್ದು ಕೈಗೆ ಬರುವುದು ಡಿಸೆಂಬರ್ ಜನವರಿಗೆ. ಇಷ್ಟು ದೀರ್ಘ ಅವಧಿಯಲ್ಲಿ ಮಳೆಯ ಎರಡು ಅತಿಗಳನ್ನೂ ಅದು ಕಾಣುತ್ತದೆ. ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಎರೆ ಹೊಲದಲ್ಲಿ ವಾರಗಟ್ಟಲೆ ನೀರು ನಿಂತರೆ ಬೇರಿಗೆ ಉಸಿರಾಡಲು ಗಾಳಿ ಸಿಗದೆ ಗಿಡ ಬಲಹೀನವಾಗುತ್ತದೆ, ಮಣ್ಣಿನಲ್ಲಿರುವ ಶಿಲೀಂಧ್ರಗಳಿಗೆ ದಾರಿಯಾಗುತ್ತದೆ. ಆಮೇಲೆ ಹಿಂಗಾರು ಕೈಕೊಟ್ಟು ನೆಲ ಕಾದು ಬಿರಿದರೆ ಒಣ ಬೇರುಕೊಳೆ ರೋಗ ಎದ್ದೇಳುತ್ತದೆ. ಬಿಸಿಯಾದ, ತೇವವಿಲ್ಲದ ಮಣ್ಣೇ ಅದಕ್ಕೆ ಹಿತ. 2022ರಲ್ಲಿ ಕಲಬುರಗಿ ಭಾಗದಲ್ಲಿ ನೆಟೆ ರೋಗದಿಂದ ತೊಗರಿ ದೊಡ್ಡ ಪ್ರಮಾಣದಲ್ಲಿ ಹಾಳಾಗಿ, ಸರ್ಕಾರ ವಿಶೇಷ ಪರಿಹಾರ ಘೋಷಿಸಬೇಕಾಯಿತು ಎಂಬುದು ತಮಗೆ ನೆನಪಿರಬಹುದು.

ಒಂದೇ ಹೊಲದಲ್ಲಿ ವರ್ಷವೂ ತೊಗರಿಯ ಮೇಲೆ ತೊಗರಿ ಹಾಕುವುದು ಈ ರೋಗಕ್ಕೆ ದಾರಿ ಮಾಡಿದೆ. ಹಿಂದೆ ಜೋಳ, ಸಜ್ಜೆ, ಹೆಸರು, ಉದ್ದು ಎಲ್ಲವೂ ತೊಗರಿಯೊಡನೆ ಸರದಿಯಲ್ಲಿಯೋ ಅಕ್ಕಪಕ್ಕದ ಸಾಲಿನಲ್ಲಿಯೋ ಇರುತ್ತಿದ್ದವು. ಜೋಳದೊಡನೆ ಬೆಳೆ ಬದಲಾಯಿಸುವುದು, ರೋಗ ತರುವ ಶಿಲೀಂಧ್ರಗಳನ್ನು ತಡೆಯುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮಾದಿಂದ ಬೀಜೋಪಚಾರ ಮಾಡುವುದು, ನೀರು ಬಸಿದು ಹೋಗುವಂತೆ ಬೋದು ಮಾಡಿ ಬಿತ್ತುವುದು, ಇವು ಖರ್ಚು ಕಡಿಮೆಯ ದಾರಿಗಳು. ರೋಗ ನಿರೋಧಕ ತಳಿಗಳನ್ನು ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೇಂದ್ರಗಳಲ್ಲಿ ವಿಚಾರಿಸಿ ತರಬಹುದು. ಆದರೆ ಯಾವ ತಳಿಯೂ ಎಲ್ಲ ಬಗೆಯ ನೆಟೆಯನ್ನೂ ತಡೆಯಲಾರದು ಎಂಬುದು ಗಮನದಲ್ಲಿರಲಿ.

ಬೇಳೆ ತಿನ್ನುವವರೂ ಈ ಉತ್ತರವನ್ನು ಓದಬೇಕು. ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿ ಬೇಳೆ ಕಡಿಮೆಯಾದರೆ ಆ ಜಾಗಕ್ಕೆ ಮ್ಯಾನ್ಮಾರ್‌ನದು, ಮೊಜಾಂಬಿಕ್‌ನದು ಬರುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಬೇಳೆಕಾಳು ಬೆಳೆಯುವ ದೇಶವೇ ಬೇಳೆಗಾಗಿ ಹಡಗು ಕಾಯುತ್ತದೆ. ಮಾಂಸ, ಹಾಲು ದಿನವೂ ಕೊಳ್ಳಲಾಗದ ಮನೆಗಳಲ್ಲಿ ಮಕ್ಕಳಿಗೆ ಸಿಗುವ ಪ್ರೋಟೀನು ಸಾರಿನ ಬೇಳೆಯದೇ ಆದ್ದರಿಂದ, ಆಳಂದದ ಹೊಲದಲ್ಲಿ ಒಣಗಿದ ಗಿಡದ ಲೆಕ್ಕ ಅಡುಗೆಮನೆಗೂ ಬರುತ್ತದೆ.

ಪ್ರಶ್ನೆ: ಟೊಮೆಟೊ ಒಂದು ತಿಂಗಳು ಬೀದಿಗೆ ಸುರಿಯುವಷ್ಟು ಅಗ್ಗ, ಇನ್ನೊಂದು ತಿಂಗಳು ಕಿಲೋಗೆ ನೂರು ದಾಟುತ್ತದೆ. ವ್ಯಾಪಾರಿಗಳ ಆಟವೆಂದು ನಾನು ತಿಳಿದಿದ್ದೆ. ಬಿಸಿಲೂ ಕಾರಣವೇ? ಪಡಿತರದ ಅಕ್ಕಿಗೂ ಇದರ ಬಿಸಿ ತಟ್ಟುತ್ತದೆಯೇ? (ಬೆಂಗಳೂರಿನ ಗೃಹಿಣಿ)

ಉತ್ತರ: ವ್ಯಾಪಾರದ ಪಾಲು ಇಲ್ಲವೆನ್ನಲಾಗದು, ಆದರೆ 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸು 2 ಸಾವಿರ ರೂಪಾಯಿ ದಾಟಿದಾಗ ಹೊಲದಲ್ಲಿಯೇ ಹಣ್ಣಿರಲಿಲ್ಲ. ಬೇಸಿಗೆಯ ಬಿಸಿಲು ಅತಿಯಾದರೆ ಟೊಮೆಟೊ ಹೂ ಕಾಯಿ ಕಟ್ಟದೆ ಉದುರುತ್ತದೆ. ಒಣ ಬಿಸಿಯಲ್ಲಿ ಬಿಳಿನೊಣ ಹೆಚ್ಚಿ ಎಲೆ ಮುದುಡುವ ನಂಜುರೋಗವನ್ನು ಹರಡುತ್ತದೆ. ಅದಕ್ಕೂ ಮೊದಲು ಬೆಲೆ ಬಿದ್ದು ಕೈಸುಟ್ಟುಕೊಂಡ ಅನೇಕರು ಟೊಮೆಟೊ ನೆಡುವುದನ್ನೇ ಬಿಟ್ಟಿದ್ದರು.

ಅಕ್ಕಿ ಗೋಧಿಗಳ ವಿಷಯ ಇದಕ್ಕಿಂತ ಗಂಭೀರ, ಏಕೆಂದರೆ ಟೊಮೆಟೊ ಇಲ್ಲದಿದ್ದರೆ ಹುಣಸೆಹಣ್ಣು ಹಾಕಿ ಸಾರು ಮಾಡಬಹುದು, ಅನ್ನಕ್ಕೆ ಬದಲಿಯಿಲ್ಲ. 2022ರ ಮಾರ್ಚ್ ದೇಶದಲ್ಲಿ 1901ರ ನಂತರದ ಅತಿ ಬಿಸಿಯ ಮಾರ್ಚ್ ಎನಿಸಿತು. ಪಂಜಾಬ್, ಹರಿಯಾಣಗಳಲ್ಲಿ ಕಾಳು ತುಂಬುವ ಹೊತ್ತಿಗೇ ಬಿಸಿ ಬಡಿದು ಗೋಧಿ ಜೊಳ್ಳಾಯಿತು. ಮೇ 13ರಂದು ಕೇಂದ್ರ ಸರ್ಕಾರ ಗೋಧಿ ರಫ್ತನ್ನು ನಿಷೇಧಿಸಿತು. ಮರುವರ್ಷ, ಪೆಸಿಫಿಕ್ ಸಾಗರ ಬಿಸಿಯೇರಿ ನಮ್ಮ ಮುಂಗಾರನ್ನು ಕುಗ್ಗಿಸಬಲ್ಲ ಎಲ್ ನಿನೊ ಭಯದ ನಡುವೆ, ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತೂ ನಿಂತಿತು. ಕರ್ನಾಟಕದಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿ ಆ ಜುಲೈನಲ್ಲಿ ಅಕ್ಕಿಯ ರೂಪದಲ್ಲಿ ಬರಲಿಲ್ಲ. ಭಾರತೀಯ ಆಹಾರ ನಿಗಮದಿಂದ ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯ ಮಾರಾಟ ನಿಂತಿದ್ದರಿಂದ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬಂತು. ಅದರ ರಾಜಕೀಯ ವಾದವಿವಾದ ಈ ಅಂಕಣದ ವಿಷಯವಲ್ಲ. ದಾಸ್ತಾನು ಹೇರಳವಾಗಿದ್ದರೂ ಮುಂದಿನ ಮಳೆಯ ಮೇಲೆ ನಂಬಿಕೆ ಇಲ್ಲದಾದಾಗ ಸರ್ಕಾರಗಳು ಅಕ್ಕಿಯನ್ನು ಬಿಗಿಹಿಡಿಯುತ್ತವೆ ಎಂಬುದಷ್ಟೇ ಇಲ್ಲಿ ಮುಖ್ಯ. ಆಗ ಬೆಂಗಳೂರಿನ ಕನ್ನಡಿಗರು ಪಡಿತರದ ಸಾಲಿನಲ್ಲಿ ಚಿಂತಿಸಿದರೆ, ಅಮೆರಿಕದಲ್ಲಿರುವ ಕನ್ನಡಿಗರು ಸೋನಾ ಮಸೂರಿಯ ಮೂಟೆಗಾಗಿ ಭಾರತೀಯ ಅಂಗಡಿಗಳ ಮುಂದೆ ಸಾಲು ನಿಂತರು.

ಪ್ರಶ್ನೆ: ಗಿಡಗಳಿಗೆ ಇಂಗಾಲದ ಡೈಆಕ್ಸೈಡೇ ಆಹಾರ. ಅದು ಗಾಳಿಯಲ್ಲಿ ಹೆಚ್ಚಿದರೆ ಇಳುವರಿಯೂ ಹೆಚ್ಚಬೇಕಲ್ಲವೇ? (ಧಾರವಾಡದ ಕಾಲೇಜು ವಿದ್ಯಾರ್ಥಿ)

ಉತ್ತರ: ಭತ್ತ, ಗೋಧಿ, ಬೇಳೆಕಾಳುಗಳ ಮಟ್ಟಿಗೆ ನಿಮ್ಮ ತರ್ಕ ಸರಿ, ಉಳಿದೆಲ್ಲವೂ ಸಮನಾಗಿದ್ದರೆ ಅವು ಸ್ವಲ್ಪ ಹೆಚ್ಚು ಬೆಳೆಯುತ್ತವೆ. ಉಳಿದೆಲ್ಲವೂ ಸಮನಾಗಿಲ್ಲ ಎಂಬುದೇ ತೊಡಕು. ಅದೇ ಅನಿಲ ತರುವ ಬಿಸಿ ಆ ಲಾಭವನ್ನು ಕಿತ್ತುಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡಿನ ಲಾಭವನ್ನು ಬದಿಗಿಟ್ಟು ಬಿಸಿಯ ಪರಿಣಾಮವನ್ನಷ್ಟೇ ಅಳೆದ 2017ರ ಅಧ್ಯಯನದ ಪ್ರಕಾರ, ಜಗತ್ತಿನ ಸರಾಸರಿ ತಾಪಮಾನ ಒಂದು ಡಿಗ್ರಿ ಏರಿದರೆ ಗೋಧಿಯ ಇಳುವರಿ ಶೇ 6ರಷ್ಟು, ಮೆಕ್ಕೆಜೋಳದ್ದು ಶೇ 7.4ರಷ್ಟು, ಭತ್ತದ್ದು ಶೇ 3.2ರಷ್ಟು ಇಳಿಯುತ್ತದೆ. ಹಗಲಿನ ಬಿಸಿಗಿಂತ ರಾತ್ರಿಯ ಬಿಸಿ ಭತ್ತಕ್ಕೆ ಹೆಚ್ಚು ಕೇಡು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳಲ್ಲಿ, ಒಣ ಹಂಗಾಮಿನ ರಾತ್ರಿಯ ತಾಪಮಾನ ಒಂದು ಡಿಗ್ರಿ ಹೆಚ್ಚಿದಾಗಲೆಲ್ಲ ಇಳುವರಿ ಸುಮಾರು ಶೇ 10ರಷ್ಟು ಕುಗ್ಗಿದ್ದು ಕಂಡುಬಂದಿತ್ತು. ಹಗಲು ದುಡಿದು ಗಳಿಸಿದ್ದನ್ನು ಗಿಡ ಬಿಸಿ ರಾತ್ರಿಯಲ್ಲಿ ಉಸಿರಾಟಕ್ಕೇ ಖರ್ಚುಮಾಡಿಬಿಡುತ್ತದೆ.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಹೊಲದಲ್ಲಿಯೇ ಇಂಗಾಲದ ಡೈಆಕ್ಸೈಡನ್ನು ಈ ಶತಮಾನದ ಮಧ್ಯಭಾಗದಲ್ಲಿ ನಿರೀಕ್ಷಿಸುವ ಮಟ್ಟಕ್ಕೆ ಏರಿಸಿ ಬೆಳೆದ ಗೋಧಿಯಲ್ಲಿ ಸತು ಸುಮಾರು ಶೇ 9ರಷ್ಟು, ಪ್ರೋಟೀನು ಶೇ 6ರಷ್ಟು ಕಡಿಮೆಯಿತ್ತು. ಭತ್ತದಲ್ಲಿ ಪ್ರೋಟೀನು ಸುಮಾರು ಶೇ 8ರಷ್ಟು, ಕಬ್ಬಿಣ ಶೇ 5ರಷ್ಟು ಇಳಿದಿತ್ತು. ಮೂಟೆ ಅಷ್ಟೇ ತೂಗಿದರೂ ಒಳಗಿನ ಸತ್ವ ಅಷ್ಟಿರುವುದಿಲ್ಲ. ರಾಗಿ, ಜೋಳ, ಸಜ್ಜೆಗಳು ದ್ಯುತಿಸಂಶ್ಲೇಷಣೆಯನ್ನು ಬೇರೆ ದಾರಿಯಲ್ಲಿ, ಸಿ4 ಎಂಬ ಕ್ರಮದಲ್ಲಿ ನಡೆಸುವುದರಿಂದ ಅವಕ್ಕೆ ಹೆಚ್ಚುವರಿ ಇಂಗಾಲದ ಲಾಭವೂ ಅಷ್ಟಿಲ್ಲ, ಈ ಸತ್ವನಷ್ಟವೂ ಅಷ್ಟಿಲ್ಲ. ಬಿಸಿಲನ್ನೂ ನೀರಿನ ಕೊರತೆಯನ್ನೂ ಅವು ಚೆನ್ನಾಗಿ ತಾಳಿಕೊಳ್ಳುತ್ತವೆ.

ಪ್ರಶ್ನೆ: ಹಾಗಾದರೆ ಎಲ್ಲರೂ ಸಿರಿಧಾನ್ಯಕ್ಕೆ ಮರಳಿದರೆ ಮುಗಿಯಿತಲ್ಲ? (ಮೈಸೂರು)

ಉತ್ತರ: ಮುಗಿಯುವುದಿಲ್ಲ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬೆಳೆಯುವ ರಾಜ್ಯ ನಮ್ಮದು. ಆಫ್ರಿಕದ ರಾಗಿಯೊಡನೆ ನಮ್ಮ ರಾಗಿಯನ್ನು ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟ ರಾಗಿ ಲಕ್ಷ್ಮಣಯ್ಯನವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ದುಡಿದವರು. ಆದರೂ ಸಿರಿಧಾನ್ಯದ ಮೇಳಗಳು ಹೆಚ್ಚಿದಷ್ಟು ಹೊಲಗಳು ಹೆಚ್ಚಲಿಲ್ಲ. 2025–26ರಲ್ಲಿ ರಾಗಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಭತ್ತಕ್ಕೆ 2,369 ರೂಪಾಯಿ. ಆದರೆ ಎಕರೆಗೆ ಬರುವ ಇಳುವರಿ, ಒಕ್ಕಣೆಯ ಕೂಲಿ, ಖರೀದಿ ಕೇಂದ್ರದಲ್ಲಿ ಒಬ್ಬ ರೈತನಿಂದ ಇಷ್ಟೇ ಎಂಬ ಮಿತಿ, ಇವನ್ನೆಲ್ಲ ಲೆಕ್ಕ ಹಾಕಿದವನು ನೀರಿದ್ದರೆ ಭತ್ತವನ್ನೋ ನೀರಿಲ್ಲದಿದ್ದರೆ ಮೆಕ್ಕೆಜೋಳವನ್ನೋ ಹಾಕುತ್ತಾನೆ. ಅವನನ್ನು ತಪ್ಪೆನ್ನಲಾಗದು. ನಗರದ ಅಂಗಡಿಯಲ್ಲಿ ನವಣೆ, ಸಾಮೆ ಕೊಳ್ಳುವುದಕ್ಕಿಂತ, ಅಂಗನವಾಡಿ, ಬಿಸಿಯೂಟ ಮತ್ತು ಪಡಿತರಕ್ಕೆ ರಾಗಿ ಜೋಳವನ್ನು ವರ್ಷವಿಡೀ ಕೊಳ್ಳುವ ಭರವಸೆ ಕೊಟ್ಟರೆ ರೈತನ ಲೆಕ್ಕ ಬದಲಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ನಾವು ಕಳೆದುಕೊಂಡದ್ದು ರಾಗಿಯೊಂದನ್ನೇ ಅಲ್ಲ, ಅಕ್ಕಡಿ ಸಾಲನ್ನು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಅಂಚಿಗೆ ಹರಳು, ನಾಲ್ಕು ಸಾಲು ಜೋಳ ಇದ್ದಾಗ, ಆಗಸ್ಟ್ ಕೈಕೊಟ್ಟು ರಾಗಿ ಹೋದರೂ ಮಾಗಿಯ ಇಬ್ಬನಿಗೆ ಅವರೆ ಬರುತ್ತಿತ್ತು. ವಿಮಾ ಕಂಪನಿಗಳು ಹುಟ್ಟುವ ಮುಂಚಿನ ವಿಮೆ ಅದು. ಕೂರಿಗೆ ಬಿತ್ತನೆ ಹೋಗಿ ಯಂತ್ರದ ಬಿತ್ತನೆ, ಯಂತ್ರದ ಕೊಯ್ಲು ಬಂದಾಗ ಒಂದೇ ಬೆಳೆಯ ಹೊಲ ಅನುಕೂಲವೆನಿಸಿತು.

ಪ್ರಶ್ನೆ: ಬೆಳೆ ವಿಮೆ ಕಟ್ಟಿದ್ದೆ, ಬೆಳೆ ಹೋಯಿತು, ಹಣ ಬರಲಿಲ್ಲ. ಪಕ್ಕದ ಪಂಚಾಯಿತಿಗೆ ಬಂದಿದೆ. (ಚಳ್ಳಕೆರೆ)

ಉತ್ತರ: ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ನಷ್ಟವನ್ನು ಅಳೆಯುವುದು ತಮ್ಮ ಹೊಲದಲ್ಲಲ್ಲ, ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನು, ಉಳಿದವಕ್ಕೆ ಹೋಬಳಿಯನ್ನು ಒಂದು ಘಟಕವಾಗಿ ಹಿಡಿದು, ಆಯ್ದ ಹೊಲಗಳಲ್ಲಿ ನಡೆಸುವ ಬೆಳೆ ಕಟಾವು ಪ್ರಯೋಗದ ಸರಾಸರಿಯನ್ನು ನೋಡುತ್ತಾರೆ. ಮಳೆ ಊರೂರಿಗೂ ಬೇರೆಯಾಗಿ ಬೀಳುತ್ತಿರುವಾಗ ಸರಾಸರಿ ಅನೇಕರಿಗೆ ಅನ್ಯಾಯ ಮಾಡುತ್ತದೆ. ಆಲಿಕಲ್ಲು, ಭೂಕುಸಿತ, ಜಮೀನು ಮುಳುಗಡೆಯಂಥ ಸ್ಥಳೀಯ ವಿಕೋಪಗಳಿಗೆ ವೈಯಕ್ತಿಕ ಪರಿಶೀಲನೆಯುಂಟು. ಅದಕ್ಕೆ 72 ಗಂಟೆಗಳೊಳಗೆ ತಿಳಿಸಬೇಕು. ಇದರ ಹೊರತಾಗಿ ಬರ ಘೋಷಣೆಯಾದಾಗ ವಿಕೋಪ ನಿಧಿಯ 2022–26ರ ಮಾನದಂಡದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರ್‌ವರೆಗೆ ಸಿಗುತ್ತದೆ. 2023ರ ಬರಕ್ಕೆ ಕೇಂದ್ರದಿಂದ ಸುಮಾರು 3,454 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿದ್ದು, ರಾಜ್ಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, ಮರುವರ್ಷದ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಮುಂದಿನ ಬಿತ್ತನೆಯ ಬೀಜಕ್ಕೆ ಸಾಲ ಹುಡುಕುವ ಕಾಲ ಬಂದಿತ್ತು.

ಪ್ರಶ್ನೆ: ನಮ್ಮ ಗಜನಿ ಗದ್ದೆಗಳಲ್ಲಿ ಕಗ್ಗ ಬೆಳೆಯುವವರು ಕಡಿಮೆಯಾಗಿದ್ದಾರೆ. ಈ ಹಳೆಯ ಭತ್ತವನ್ನು ಉಳಿಸಿಕೊಂಡು ಪ್ರಯೋಜನವಿದೆಯೇ? (ಕುಮಟಾ)

ಉತ್ತರ: ಬೇರೆ ಯಾವ ಭತ್ತ ಹೋದರೂ ಕಗ್ಗ ಹೋಗಬಾರದು. ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ, ಉಬ್ಬರಕ್ಕೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ, ಮೊಳಕೆ ಬರಿಸಿದ ಬೀಜವನ್ನು ಕೆಸರಿಗೆ ಎರಚಿದರೆ ಗೊಬ್ಬರ ಔಷಧಿಗಳಿಲ್ಲದೆ ಆಳೆತ್ತರ ಬೆಳೆಯುವ ಭತ್ತ ಅದು. ಕೊಯ್ಲಾದ ಮೇಲೆ ಉಳಿದ ಕೂಳೆಯ ನಡುವೆ ಸಿಗಡಿ, ಮೀನು ಬೆಳೆಯುತ್ತವೆ. ಇಳುವರಿ ಹೆಚ್ಚಿಲ್ಲ, ಹೆಚ್ಚಿಲ್ಲವೆಂದೇ ಜನ ಬಿಟ್ಟರು. ಆದರೆ ಹಿಂದೂ ಮಹಾಸಾಗರದ ಉತ್ತರ ಭಾಗದಲ್ಲಿ ನೀರಿನ ಮಟ್ಟ ಇತ್ತೀಚಿನ ದಶಕಗಳಲ್ಲಿ ವರ್ಷಕ್ಕೆ ಸುಮಾರು 3.3 ಮಿಲಿಮೀಟರ್ ಏರುತ್ತಿರುವಾಗ, ಉಪ್ಪುನೀರು ಇಂದು ಗಜನಿಗೆ ಬರುವುದು ನಾಳೆ ಅದರ ಮೇಲಿನ ಗದ್ದೆಗೂ ಬರುತ್ತದೆ. ಒಡಿಶಾದ ರೈತರು ಯಾವ ಕಾಲದಿಂದಲೋ ಉಳಿಸಿಕೊಂಡಿದ್ದ ನೆರೆ ತಾಳುವ ಒಂದು ಭತ್ತದಿಂದ ಜೀನ್ ಪಡೆದು, ಎರಡು ವಾರ ಮುಳುಗಿದರೂ ಬದುಕುವ ಸ್ವರ್ಣ ಸಬ್-1 ತಳಿಯನ್ನು ರೂಪಿಸಿ 2009ರಲ್ಲಿ ಬಿಡುಗಡೆ ಮಾಡಲಾಯಿತು. ಆ ಬೀಜ ಯಾರ ಮನೆಯ ಕಣಜದಲ್ಲೂ ಉಳಿಯದಿದ್ದರೆ ಪ್ರಯೋಗಾಲಯಕ್ಕೆ ಹುಡುಕಲು ಏನೂ ಇರುತ್ತಿರಲಿಲ್ಲ. ಕಗ್ಗವನ್ನು ಬೀಜ ಬ್ಯಾಂಕಿನ ಡಬ್ಬಿಯಲ್ಲಿಟ್ಟರೆ ಮಾತ್ರ ಸಾಲದು, ಪ್ರತಿವರ್ಷವೂ ಉಪ್ಪುನೀರಿನಲ್ಲಿಯೇ ಬೆಳೆಯುತ್ತಿರಬೇಕು. ಅದಕ್ಕೆ ಮೊದಲು ಗಜನಿಯ ಕಟ್ಟೆ ಮತ್ತು ತೂಬುಗಳ ದುರಸ್ತಿ ಆಗಬೇಕು, ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ ಅದು.

ಪ್ರಶ್ನೆ: ಗದ್ದೆಯಲ್ಲಿ ನೀರು ನಿಲ್ಲಿಸುವುದರಿಂದಲೇ ಭೂಮಿ ಬಿಸಿಯಾಗುತ್ತಿದೆ ಎಂದು ಯಾರೋ ಹೇಳಿದರು. ನಮ್ಮನ್ನೇ ಅಪರಾಧಿ ಮಾಡುವುದೇ? (ಮದ್ದೂರು)

ಉತ್ತರ: ನಿಂತ ನೀರಿನ ಕೆಸರಿನಲ್ಲಿ ಮೀಥೇನ್ ಹುಟ್ಟುವುದು ನಿಜ, ಅದು ಇಂಗಾಲದ ಡೈಆಕ್ಸೈಡಿಗಿಂತ ಬಹಳ ಪಟ್ಟು ಹೆಚ್ಚು ಬಿಸಿ ಹಿಡಿಯುವುದೂ ನಿಜ. ಆದರೂ ಎರಡು ಎಕರೆ ಗದ್ದೆಯವರನ್ನು ಕಲ್ಲಿದ್ದಲು ಸುಡುವವರ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಗದ್ದೆಯನ್ನು ಒಣಗಿಸುತ್ತ, ಮತ್ತೆ ನೀರು ಕಟ್ಟುತ್ತ ಬೆಳೆಯುವ ಕ್ರಮವನ್ನು ಭೂಮಿಗಾಗಿ ಅಲ್ಲದಿದ್ದರೂ ಕನ್ನಂಬಾಡಿ ಕಟ್ಟೆ ತುಂಬದ ವರ್ಷಗಳಿಗಾಗಿ ಕಲಿತಿರುವುದು ಒಳ್ಳೆಯದು. ಅದರಿಂದ ನೀರು ಸುಮಾರು ಕಾಲು ಭಾಗದಷ್ಟು ಉಳಿಯುತ್ತದೆ, ಮೀಥೇನೂ ತಗ್ಗುತ್ತದೆ. ನಾಲೆಯಲ್ಲಿ ಸರದಿಯಂತೆ ನೀರು ಖಚಿತವಾಗಿ ಬರುವುದಾದರೆ ಮಾತ್ರ ರೈತರು ಗದ್ದೆಯನ್ನು ಒಣಗಲು ಬಿಟ್ಟಾರು.

ಪ್ರಶ್ನೆ: ಜುಲೈ ಕಳೆದರೂ ಮಳೆ ಬಾರದಿದ್ದರೆ ಏನು ಬಿತ್ತಬೇಕು? (ಶಿರಾ)

ಉತ್ತರ: ನೂರಿಪ್ಪತ್ತು ದಿನದ ರಾಗಿಯ ಆಸೆ ಬಿಡಬೇಕು. ಆಗಸ್ಟ್ ಮೊದಲ ಭಾಗದವರೆಗೆ ಜಿಪಿಯು-28ರಂಥ ಮಧ್ಯಮಾವಧಿ ತಳಿ ನಡೆಯುತ್ತದೆ. ಅದೂ ಮೀರಿದರೆ ಜಿಪಿಯು-48ರಂಥ ನೂರು ದಿನದೊಳಗೆ ಬರುವ ತಳಿ, ಅಥವಾ ಒಟ್ಲು ಹಾಕಿಕೊಂಡಿದ್ದ ಪೈರಿನ ನಾಟಿ. ಆಗಸ್ಟ್ ಕೊನೆಯ ನಂತರ ರಾಗಿಯ ಬದಲು ಹುರುಳಿ ಚೆಲ್ಲುವುದು ಲೇಸು. ಹುರುಳಿಗೆ ಸೆಪ್ಟೆಂಬರ್‌ನ ಮಳೆ ಸಾಕು, ಕಾಳು ಮನೆಗೂ ಹೊಟ್ಟು ದನಕ್ಕೂ ಆಗುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಆ ಹೊತ್ತಿಗೆ ಅಲ್ಪಾವಧಿ ತಳಿಯ ಬೀಜ ಇರುತ್ತದೆಂಬ ಖಾತ್ರಿಯಿಲ್ಲದ ಕಾರಣ, ಬಿತ್ತನೆಗೆ ಬೇಕಾದಷ್ಟು ಹುರುಳಿಯನ್ನೂ ಅಲ್ಪಾವಧಿ ರಾಗಿಯನ್ನೂ ಬೂದಿ ಬೆರೆಸಿ ಮನೆಯಲ್ಲೇ ಎತ್ತಿಟ್ಟುಕೊಂಡಿರಿ.